ಕಾಫಿಯಿಲ್ಲದ ಕಣ

ಕಣ ಹಾಕಿಸಲು ನನಗೆ ಒಂದು ಲಕ್ಷ ಎಂಬತ್ತು ಸಾವಿರ ತಗುಲಿತು. ಅದನ್ನೇ ಒಡೆಸಲು ನಲವತ್ತೆರಡು ಸಾವಿರ. ಹಾಕಿಸುವಾಗ ಜಲ್ಲಿ, ಮರಳು, ಕೂಲಿ ಎಲ್ಲದರಲ್ಲೂ ಚೌಕಾಸಿ ಮಾಡಿದ್ದೆ. ಮೇಸ್ತ್ರಿ ಕೊನೆಗೆ ಕೈ ಮುಗಿದು ಕೇಳಿದಷ್ಟಕ್ಕೇ ಒಪ್ಪಿಕೊಂಡಿದ್ದ. ಒಡೆಸುವಾಗ ಒಂದು ರೂಪಾಯಿಯನ್ನೂ ಇಳಿಸಲಿಲ್ಲ, ಇಳಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ. ಬಣಕಲ್‌ನಲ್ಲಿ ಲಾರಿಯಿಂದ ಸಿಮೆಂಟ್ ಚೀಲ ಇಳಿಸುತ್ತಿದ್ದವನು ಹಾರ್ಡ್‌ವೇರ್ ಅಂಗಡಿಯ ಮಾಲೀಕನಾದದ್ದು ಬೆಲೆ ಇಳಿಸುವ ವಿದ್ಯೆಯಿಂದಲೇ. ಅಂಥವನು ಒಮ್ಮೆ ಬಾಯಿ ಮುಚ್ಚಿಕೊಂಡು ದುಡ್ಡು ಕೊಟ್ಟನೆಂದರೆ ಅದಕ್ಕೆ ಕಾರಣವಿರಬೇಕು.

ನಮ್ಮ ಕಡೆ ಕಣವೆಂದರೆ ಕಾಫಿ ಹಣ್ಣು ಒಣಗಿಸುವ ಸಿಮೆಂಟಿನ ಅಂಗಳ. ತೋಟದವರಿಗೆ ಅದು ಕೆಲಸದ ಜಾಗ. ಪೇಟೆಯಲ್ಲಿ ಮನೆ ಕಟ್ಟಿಸಿದ ನಮ್ಮಂಥವರಿಗೆ ಅದು ವಿಸಿಟಿಂಗ್ ಕಾರ್ಡು. ಮನೆಯ ಮುಂದೆ ಕಣವಿದ್ದರೆ ಹಿಂದೆಲ್ಲೋ ತೋಟವಿದೆ ಎಂದು ನೋಡಿದವರು ತಾವೇ ತಿಳಿದುಕೊಳ್ಳುತ್ತಾರೆ. ನನಗೆ ತೋಟವಿಲ್ಲ, ಕುಂಡದಲ್ಲಿ ಕೂಡ ಒಂದು ಕಾಫಿ ಗಿಡವಿಲ್ಲ. ಆದರೂ ಮೇಲಿನ ರಸ್ತೆಯಲ್ಲಿ ಎಲ್ಲರಿಗಿಂತ ಅಗಲವಾದ ಕಣ ನನ್ನದು. ಪ್ರತಿ ಜನವರಿಯಲ್ಲಿ ಎರಡು ಚೀಲ ರೋಬಸ್ಟಾ ಹಣ್ಣು ಕೊಂಡು ತಂದು, ರಸ್ತೆಗೆ ಕಾಣುವ ಹಾಗೆ ಹರಡಿಸುತ್ತಿದ್ದೆ. ದಾರಿಹೋಕರು "ಈ ಸಲ ಫಸಲು ಹ್ಯಾಗೆ?" ಎಂದರೆ "ಎಂತ ಫಸಲು ಮಾರಾಯ್ರೆ, ಆಳೇ ಸಿಗೋದಿಲ್ಲ" ಎನ್ನುತ್ತಿದ್ದೆ. ಪ್ಲಾಂಟರ್ ಎನ್ನಿಸಿಕೊಳ್ಳಲು ಅಷ್ಟು ನಿಟ್ಟುಸಿರು ಸಾಕು.

ನನ್ನದು ನೋಡಿ ಅಕ್ಕಪಕ್ಕದವರೂ ಹಾಕಿಸಿದರು. ಕೆಲವರು ಕಣ, ಕೆಲವರು ಇಂಟರ್‌ಲಾಕ್ ಟೈಲ್ಸ್. ಮಾಲು ಎಲ್ಲ ನನ್ನ ಅಂಗಡಿಯದೇ. ಎರಡೇ ವರ್ಷದಲ್ಲಿ ನಮ್ಮ ರಸ್ತೆಯಲ್ಲಿ ಕಾಲಿಗೆ ಮಣ್ಣು ತಾಗುವ ಜಾಗ ಉಳಿಯಲಿಲ್ಲ. ಪೇಟೆ ಮುಂದುವರಿಯಿತು ಎಂದು ನಾವೆಲ್ಲ ಖುಷಿಪಟ್ಟೆವು.

ಕಣ ಹಾಕುವ ದಿನ ಮೇಸ್ತ್ರಿ ಕೇಳಿದ್ದ, "ವಾಟ ಎತ್ಲಾಗೆ ಕೊಡ್ಲಿ? ನೀರು ಎಲ್ಲಿಗೆ ಬಿಡೋದು?"

"ಗೇಟಿಂದ ಆಚೆ" ಎಂದಿದ್ದೆ.

ಗೇಟಿನಾಚೆ ರಸ್ತೆ, ರಸ್ತೆಯಾಚೆ ಇಳಿಜಾರು, ಇಳಿಜಾರಿನ ಬುಡದಲ್ಲಿ ಆರು ಮನೆಗಳ ಒಂದು ಸಾಲು. ಅದರ ಮೊದಲ ಮನೆಯ ಹೆಂಗಸು ಮಲ್ಲಂದೂರಿನ ಕಡೆಯ ಎಸ್ಟೇಟಿನಲ್ಲಿ ಮೂವತ್ತು ವರ್ಷ ದುಡಿದವರು. ಕೆಲಸ ಮುಗಿದ ಮೇಲೆ ಎಸ್ಟೇಟಿನವರು ಕೊಟ್ಟ ಲೈನ್ ಮನೆ ಖಾಲಿ ಮಾಡಬೇಕಲ್ಲ, ಕೈಗೆ ಬಂದ ಪಿಎಫ್ ದುಡ್ಡಿನಲ್ಲಿ ಇಳಿಜಾರಿನ ಬುಡದ ಈ ಜಾಗಕ್ಕೆ ಹಕ್ಕುಪತ್ರ ಮಾಡಿಸಿಕೊಂಡು ಎರಡು ಕೋಣೆ ಕಟ್ಟಿಕೊಂಡಿದ್ದರು. ಬೆಳಗ್ಗೆ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಚಟ್ನಿ ರುಬ್ಬುವ ಕೆಲಸ. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಅವರು ನನ್ನನ್ನು ಸಾವ್ಕಾರ್ರೇ ಎನ್ನುತ್ತಿದ್ದರು. ಜನವರಿಯಲ್ಲಿ ನನ್ನ ಎರಡು ಚೀಲ ಹಣ್ಣನ್ನು ಕಣದಲ್ಲಿ ಹರಡಿ, ಕೈಯಾಡಿಸಿ, ಸಂಜೆ ಗುಡ್ಡೆ ಹಾಕುತ್ತಿದ್ದವರೂ ಅವರೇ. ಈ ಮಾತು ನೆನಪಿರಲಿ.

ಕಣವಾದ ಮೊದಲ ಮಳೆಗಾಲದಲ್ಲೇ ಅವರ ಮನೆಗೆ ನೀರು ನುಗ್ಗಿತು. ಮಾರನೇ ದಿನ ಅಂಗಡಿಗೆ ಬಂದರು.

"ಸಾವ್ಕಾರ್ರೇ, ನಿಮ್ ಕಣದ ನೀರು ನಮ್ ಒಲೆ ಒಳಗೆ ಬಂತು."

"ಮಳೆ ಜಾಸ್ತಿ ಆಗಿದೆ ಅಕ್ಕ. ಈಗ ಎಲ್ಲಾ ಕಡೆ ಹಂಗೇ. ಹವಾಮಾನ ಕೆಟ್ಟಿದೆ ಅಂತ ಟೀವೀಲಿ ದಿನಾ ಹೇಳ್ತಾರೆ."

"ಹವಾಮಾನ ಕೆಟ್ಟಿದ್ರೆ ನಿಮ್ಮನೆಗ್ಯಾಕೆ ಬರ್ಲಿಲ್ಲ?"

"ನಿಮ್ ಹೊಸ್ತಿಲು ತಗ್ಗಾಯ್ತು. ಒಂದಡಿ ಎತ್ತರಿಸಿ. ಸಿಮೆಂಟು ನಾನು ಕೊಡ್ತೀನಿ."

ಮೂರು ಚೀಲ ಕೊಟ್ಟೆ. ಗೋಡೌನಿನ ಮೂಲೆಯಲ್ಲಿ ತೇವ ಹಿಡಿದು ಗಂಟು ಕಟ್ಟಲು ಶುರುವಾಗಿದ್ದ ಚೀಲಗಳು. ಅವತ್ತು ಸಂಜೆ ಇದು ಒಳ್ಳೆಯ ವ್ಯಾಪಾರವೆಂದು ಹೆಂಡತಿಯ ಹತ್ತಿರ ಹೇಳಿಕೊಂಡೂ ಇದ್ದೆ. ಅವರು ಗಂಟು ಒಡೆದು, ಜರಡಿ ಹಿಡಿದು, ಹೊಸ್ತಿಲು ಎತ್ತರಿಸಿದರು. ಮುಂದಿನ ವರ್ಷ ನೀರು ಬಾಗಿಲು ಬಿಟ್ಟು ಹಿಂದಿನ ಮಣ್ಣಿನ ಗೋಡೆಯ ಬುಡಕ್ಕೆ ಹೋಯಿತು. ಗೋಡೆ ಹೊಟ್ಟೆ ಬಿಟ್ಟಿತು. ಇನ್ನೊಂದು ಮಳೆಗಾಲ ಅದು ತಡೆಯುವುದಿಲ್ಲವೆಂದು ಸಿಮೆಂಟ್ ಮಾರುವವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಹೀಗಿರುವಾಗ ನಮ್ಮ ಪೇಟೆಯಲ್ಲಿ ಒಂದು ಸಭೆಯಾಯಿತು. ಹಿಂದೆ ಫ್ಲೆಕ್ಸ್: ಸುಸ್ಥಿರ, ಸಮಾನ, ಹವಾಮಾನ ವೈಪರೀತ್ಯಕ್ಕೆ ಜಗ್ಗದ ನಗರದತ್ತ. ನಮ್ಮದು ನಗರವೆಂದು ನಮಗೆ ಅವತ್ತೇ ಗೊತ್ತಾದದ್ದು. ಬೆಂಗಳೂರಿನಿಂದ ಒಬ್ಬ ಯುವ ತಜ್ಞರು ಬಂದಿದ್ದರು, ಜೊತೆಗೆ ನಮ್ಮ ಪಟ್ಟಣ ಪಂಚಾಯಿತಿಯ ಎಂಜಿನಿಯರ್. ವರ್ತಕರ ಪರವಾಗಿ ನನಗೆ ಮುಂದಿನ ಸಾಲಿನಲ್ಲಿ ಕುರ್ಚಿ. ಎಲ್ಲರಿಗೂ ಬಣ್ಣದ ಚೀಟಿ ಕೊಟ್ಟು, ನಿಮ್ಮ ಕನಸಿನ ನಗರಕ್ಕೆ ಏನು ಬೇಕು ಬರೆಯಿರಿ ಎಂದರು. ನಾನು ಪಾರ್ಕಿಂಗ್ ಎಂದು ಬರೆದೆ. ಪಕ್ಕದವರ ಚೀಟಿ ಇಣುಕಿದೆ, ಅವರದೂ ಪಾರ್ಕಿಂಗ್. ಗೋಡೆಯ ತುಂಬ ಅಂಟಿಸಿದ ಹಳದಿ, ಗುಲಾಬಿ ಚೀಟಿಗಳನ್ನು ತಜ್ಞರು ಓದುತ್ತಾ ಹೋದಂತೆ ಅವರ ಮುಖ ಸಣ್ಣದಾಯಿತು.

ಆಮೇಲೆ ನಕ್ಷೆ ಬಿಚ್ಚಿದರು. ಇಳಿಜಾರಿನ ಬುಡದಲ್ಲಿ ಚಂದದ ನೀಲಿ ಬಣ್ಣ. "ನೀರಿಗೆ ಅದರ ಜಾಗ ಬಿಟ್ಟುಕೊಡಬೇಕು" ಎಂದರು ತಜ್ಞರು. ನಾವು ಚಪ್ಪಾಳೆ ತಟ್ಟಿದೆವು. ನಮ್ಮ ಜಾಗವೇನೂ ನೀಲಿಯಾಗಿರಲಿಲ್ಲವಲ್ಲ.

ಸಭೆಗೆ ಆ ಆರು ಮನೆಯವರನ್ನು ಯಾರೂ ಕರೆದಿರಲಿಲ್ಲ. ಆದರೆ ಸಭೆಗೆ ಚಹಾ ಬಸ್ ಸ್ಟ್ಯಾಂಡಿನ ಹೋಟೆಲಿನಿಂದ ಬರಬೇಕಿತ್ತು. ತಂದವರು ನಮ್ಮ ಅಕ್ಕ. ಫ್ಲಾಸ್ಕನ್ನು ಮೇಜಿನ ಮೇಲಿಟ್ಟು ನಕ್ಷೆಯ ಹತ್ತಿರ ಹೋದರು.

"ಸಾರ್, ಕರೆಂಟಿನ ಟಿಸಿ ಕಂಬದ ಪಕ್ಕ ನೀಲಿ ಬಳ್ದಿದ್ದೀರಲ್ಲ, ಅದೆಂತದು?"

"ಮಳೆನೀರಿನ ಉದ್ಯಾನ ಅಮ್ಮ. ಮಳೆ ಬಂದಾಗ ನೀರು ಅಲ್ಲಿ ನಿಲ್ಲುತ್ತೆ."

"ಈಗ್ಲೂ ನಿಲ್ಲುತ್ತೆ. ಒಳಗೆ ನಾನಿರ್ತೀನಿ."

ತಜ್ಞರು ಎಂಜಿನಿಯರ್ ಮುಖ ನೋಡಿದರು. ಎಂಜಿನಿಯರ್ ಸಮಾಧಾನದ ದನಿಯಲ್ಲಿ, "ನಿಮ್ಮ ಆರೂ ಮನೆಗೆ ಗೋಣಿಬೀಡಿನ ಕಡೆ ಸೈಟ್ ಕೊಡ್ತೀವಮ್ಮ. ಅಲ್ಲಿ ನೀರಿನ ಕಾಟ ಇಲ್ಲ" ಎಂದರು.

"ಬೆಳಗ್ಗೆ ಐದೂವರೆಗೆ ನಾನು ಚಟ್ನಿ ರುಬ್ಬಬೇಕು. ಆಗ ಅಲ್ಲಿಂದ ಬಸ್ಸು ಯಾರು ಬಿಡ್ತಾರೆ, ನೀವಾ?"

ಅಕ್ಕ ಮತ್ತೆ ತಜ್ಞರ ಕಡೆ ತಿರುಗಿದರು.

"ನಾನು ಮನೆ ಕಟ್ಟಿದಾಗ ಈ ನೀರು ಇರ್ಲಿಲ್ಲ. ಈಗ ಎಲ್ಲಿಂದ ಬಂತು?"

"ಮೇಲಿನ ನೆಲ ನೀರು ಕುಡಿತಾ ಇಲ್ಲಮ್ಮ. ಎಲ್ಲಾ ಸಿಮೆಂಟ್ ಹಾಕಿದ್ದಾರೆ."

"ಕಣ ಅಂದ್ರೆ ಸಿಮೆಂಟೇ ಅಲ್ವಾ?"

"ಹೌದು, ಕಣಾನೂ."

"ಹಂಗಾದ್ರೆ ಸಾರ್, ಕಾಫಿ ಒಣಗಿಸೋರಿಗೆ ಕಣ ಬೇಕೇ ಬೇಕು. ಪಾಪ, ಅವ್ರ ಹೊಟ್ಟೆ ಮೇಲೆ ಹೊಡೀಬಾರ್ದು." ಈಗ ನನ್ನ ಕಡೆ ತಿರುಗಿದರು. "ಅಲ್ವಾ ಪ್ಲಾಂಟ್ರೇ? ನಿಮ್ ಕಣದಲ್ಲಿ ವರ್ಷಕ್ಕೆ ಎಷ್ಟು ಚೀಲ ಕಾಫಿ..."

ಅಷ್ಟಕ್ಕೆ ನಿಲ್ಲಿಸಿದರು. ಮುಗಿಸಲಿಲ್ಲ, ಸುಮ್ಮನೆ ಕಾದರು.

ಆ ನಿಲುಗಡೆ ನನಗೆ ಚೆನ್ನಾಗಿ ಗೊತ್ತು. ಲಾರಿ ಮಾಲೀಕರ ಮೇಲೆ ಎಷ್ಟೋ ಸಲ ನಾನೇ ಪ್ರಯೋಗಿಸಿದ್ದೇನೆ. ಎದುರಿನವನ ಗುಟ್ಟೊಂದನ್ನು ನಾಲಿಗೆಯ ತುದಿಗೆ ತಂದು ಹಿಡಿದುಕೊಂಡರೆ ಅವನೇ ಬೆಲೆ ಹೇಳುತ್ತಾನೆ. ಹಾಲ್‌ನಲ್ಲಿದ್ದ ಅಷ್ಟೂ ಜನ ನನ್ನನ್ನು ತೋಟಗಾರನೆಂದು ನಂಬಿದ್ದರು. ಎರಡು ಚೀಲವನ್ನು ತೆಳ್ಳಗೆ ಹರಡಿ ಅಂಗಳ ತುಂಬಿದ ಹಾಗೆ ಕಾಣಿಸಲು ಹೇಳಿದ್ದು ಯಾರೆಂದು ಗೊತ್ತಿದ್ದದ್ದು ಒಬ್ಬರಿಗೆ ಮಾತ್ರ.

"ನನ್ನ ಕಣ ನಾನು ಒಡೆಸ್ತೀನಿ" ಎಂದೆ.

ದೊಡ್ಡ ಚಪ್ಪಾಳೆ ಬಿತ್ತು. ಮನಸ್ಸು ದೊಡ್ಡದು, ಮಾದರಿ ನಾಗರಿಕ ಎಂದು ತಜ್ಞರು ನನ್ನ ಫೋಟೋ ತೆಗೆಸಿದರು. ಅಕ್ಕ ಫೋಟೋದಲ್ಲಿಲ್ಲ, ಲೋಟ ಹಂಚುತ್ತಿದ್ದರು. ನನ್ನ ಹತ್ತಿರ ಬಂದಾಗ ಮೆಲ್ಲಗೆ, "ಒಡೆಸಿದ್ರೆ ಸಾಲದು. ಗುಂಡಿ ತೆಗೆಸ್ಬೇಕು. ಎಲ್ಲೆಲ್ಲಿ ಅಂತ ನಾನು ಹೇಳ್ತೀನಿ. ಕೂಲಿ ಏಳ್ನೂರು" ಎಂದರು.

"ಈಗ ಐನೂರು ನಡೀತಿದೆಯಲ್ಲ ಅಕ್ಕ?"

"ಕಾಫಿ ಹರಡೋದಕ್ಕೆ ಐನೂರು."

ಒಪ್ಪಿಕೊಂಡೆ. ಎಂಜಿನಿಯರ್ ಹತ್ತಿರ ಅವರು ಒಂದು ಮಾತು ಗಿಟ್ಟಿಸಿಕೊಂಡರು: ಬರುವ ಮಳೆಗಾಲದಲ್ಲಿ ಜೋರು ಮಳೆಯ ದಿನವೇ ಬಂದು ನೋಡಬೇಕು, ನೀರು ನಿಲ್ಲದಿದ್ದರೆ ನೀಲಿ ಬಣ್ಣ ಅಳಿಸಬೇಕು.

ಏಪ್ರಿಲಿನಲ್ಲಿ ಒಡೆಸಿದೆವು. ತೋಟಗಳಲ್ಲಿ ಗಿಡದ ಸಾಲುಗಳ ನಡುವೆ ಇಳಿಜಾರಿಗೆ ಅಡ್ಡವಾಗಿ ತೆಗೆಯುವ ಉದ್ದನೆಯ ಗುಂಡಿಗಳುಂಟಲ್ಲ, ತೊಟ್ಟಿಲು ಗುಂಡಿ, ಅವನ್ನೇ ಅಕ್ಕ ನನ್ನ ಅಂಗಳದಲ್ಲಿ ತೆಗೆಸಿದರು. ಹನ್ನೊಂದು. ಒಂದರ ಸೆರಗಿಗೆ ಇನ್ನೊಂದು, ಮೇಲಿನದರಿಂದ ತಪ್ಪಿಸಿಕೊಂಡ ನೀರು ಕೆಳಗಿನದಕ್ಕೆ ಸಿಕ್ಕಿಬೀಳುವ ಹಾಗೆ. ಇಡೀ ಜಿಲ್ಲೆಯ ಗುಡ್ಡಗಳಲ್ಲಿ ನಮ್ಮ ಅಜ್ಜಂದಿರ ಕಾಲದಿಂದ ನಡೆದ ಕೆಲಸವಿದು. ಕಾಫಿ ಗಿಡದ ಬುಡಕ್ಕೆ ನೀರು ಇಂಗಿಸಲು ಅಷ್ಟು ಕಾಳಜಿಯಿದ್ದ ನಾವು ಪೇಟೆಗೆ ಬಂದ ಕೂಡಲೇ ಅದನ್ನು ಮರೆತು, ತೋಟದಿಂದ ಕಣವೊಂದನ್ನೇ ಹೊತ್ತು ತಂದಿದ್ದೆವು.

ಅಕ್ಕ ಅಲ್ಲಿಗೆ ಬಿಡಲಿಲ್ಲ. ಪಕ್ಕದ ನಾಲ್ಕು ಮನೆಯವರನ್ನೂ ಒಪ್ಪಿಸುವ ಕೆಲಸ ನನ್ನ ತಲೆಗೇ ಬಂತು. ಒಬ್ಬರು ಗೇಟಿನಲ್ಲೇ ನಿಲ್ಲಿಸಿ ಹೇಳಿದರು, "ಹಾಕ್ಸಿ ಅಂತ ಟೈಲ್ಸ್ ಮಾರಿದ್ದೂ ನೀವೇ, ಒಡೆಸಿ ಅಂತ ಬರೋದೂ ನೀವೇ. ಮುಂದಿನ ವರ್ಷ ಎಂತ ಮಾರ್ತೀರಿ ಮಾರಾಯ್ರೆ, ಮಣ್ಣಾ?" ಮುಂದಿನ ಗೇಟಿಗೆ ನಡೆದೆ. ಇಬ್ಬರು ಒಪ್ಪಿದರು, ಅವರಲ್ಲೊಬ್ಬರಿಗೆ ಅರ್ಧ ಖರ್ಚು ನಾನೇ ಕೊಡಬೇಕಾಯಿತು. ಉಳಿದಿಬ್ಬರು ಇವತ್ತಿಗೂ ಹವಾಮಾನವನ್ನೇ ಬೈಯುತ್ತಾರೆ.

ಜುಲೈಯಲ್ಲಿ ಮೂರು ದಿನ ಬಿಡದೆ ಹೊಡೆದ ಮಳೆಯಲ್ಲಿ ಎಂಜಿನಿಯರ್ ಬಂದರು. ಬರಲು ಮನಸ್ಸಿರಲಿಲ್ಲ, ಅಕ್ಕ ಚಹಾ ಕೊಡುವ ನೆಪದಲ್ಲಿ ಹದಿನೈದು ದಿನ ಅವರ ಕಚೇರಿಗೆ ಹೋಗಿ ನೆನಪಿಸಿದ್ದರು. ಛತ್ರಿ ಹಿಡಿದು ಇಳಿಜಾರಿನಲ್ಲಿ ನಿಂತೆವು. ನನ್ನ ಗುಂಡಿಗಳು ತುಂಬಿ, ನಿಧಾನಕ್ಕೆ ಇಂಗುತ್ತಿದ್ದವು. ಅಕ್ಕನ ಹಿಂದಿನ ಗೋಡೆ ಹೊಟ್ಟೆ ಬಿಟ್ಟುಕೊಂಡೇ ನಿಂತಿತ್ತು, ಅದರ ಬುಡದಲ್ಲಿ ನೀರಿರಲಿಲ್ಲ. ಐದು ಮನೆಗಳ ಮುಂದೆ ಬರೀ ಕೆಸರು. ಕೊನೆಯ ಆರನೆಯ ಮನೆಯ ಜಗಲಿಗೆ ಮಾತ್ರ ಒಂದು ಕಡೆಯಿಂದ ನೀರು ಹರಿದು ಬರುತ್ತಲೇ ಇತ್ತು.

"ಇದು ಯಾವ ಕಣದ್ದು?" ಎಂದು ಎಂಜಿನಿಯರ್ ನನ್ನನ್ನು ಕೇಳಿದರು.

ಉತ್ತರ ಹೇಳಿದ್ದು ಅಕ್ಕ. "ಹಿಂದೆ ತಿರುಗಿ ನೋಡಿ ಸಾರ್."

ಮೇಲೆ ಎಂಜಿನಿಯರ್ ಕಚೇರಿಯ ಪಾರ್ಕಿಂಗ್ ಇತ್ತು. ಗೋಡೆಯಿಂದ ಗೋಡೆಗೆ ಇಂಟರ್‌ಲಾಕ್. ಟೈಲ್ಸ್ ಸಪ್ಲೈ ಮಾಡಿದ್ದು ಯಾರೆಂದು ನಾನು ಬಾಯಿಬಿಡಲಿಲ್ಲ, ಅವರೂ ಕೇಳಲಿಲ್ಲ.

ನಕ್ಷೆಯಲ್ಲಿ ಈಗ ಐದು ಮನೆಗಳ ಮೇಲಿನ ನೀಲಿ ಹೋಗಿದೆ. ಆರನೆಯದರ ಮೇಲೆ ಹಾಗೇ ಇದೆ, ಪರಿಶೀಲನೆಯಲ್ಲಿದೆಯಂತೆ. ಅಕ್ಕ ಫ್ಲಾಸ್ಕ್ ಹಿಡಿದು ಆ ಕಚೇರಿಗೆ ಹೋಗುವುದನ್ನು ನಿಲ್ಲಿಸಿಲ್ಲ. ಆ ಪಾರ್ಕಿಂಗ್ ಬಹಳ ದಿನ ಉಳಿಯುವುದಿಲ್ಲವೆಂದು ನನ್ನ ಲೆಕ್ಕ.

ಇನ್ನು ನಿಮಗೆ. ಅಂಗಳಕ್ಕೆ ಸಿಮೆಂಟು ಹಾಕಿಸುವ ಮೊದಲು ಜೋರು ಮಳೆಯಲ್ಲಿ ಛತ್ರಿ ಹಿಡಿದು ನಿಮ್ಮ ಗೇಟಿನಿಂದ ನೀರಿನ ಹಿಂದೆ ನಡೆಯಿರಿ, ಅದು ಯಾರ ಬಾಗಿಲಿಗೆ ಮುಟ್ಟುತ್ತದೋ ಅಲ್ಲಿಯ ತನಕ. ಆ ಬಾಗಿಲು ತಟ್ಟಿ ಮಾತಾಡಿ. ವಾಟವನ್ನು ನಿಮ್ಮ ಜಾಗದ ಒಳಕ್ಕೇ ಕೊಡಿಸಿ. ಕಾರು ನಿಲ್ಲಲು ಎರಡು ಚಕ್ರದ ಅಗಲಕ್ಕೆ ಕಲ್ಲು ಹಾಸಿದರೆ ಸಾಕು, ಉಳಿದದ್ದು ಮಣ್ಣಾಗಿಯೇ ಇರಲಿ. ಗುಂಡಿ ತೆಗೆಸುವುದಾದರೆ ಇಳಿಜಾರಿಗೆ ಅಡ್ಡ, ಮೊಳಕಾಲುದ್ದ ಆಳ, ಮನೆಯ ಪಾಯದಿಂದ ದೂರ. ಗುಡ್ಡದ ದರೆಯನ್ನು ನೆಟ್ಟಗೆ ಕಡಿದ ಜಾಗದ ಅಂಚಿನಲ್ಲಿ ಮಾತ್ರ ತೆಗೆಸಬೇಡಿ, ದರೆಯೇ ಜಾರೀತು. ಯಾರಿಗಾದರೂ ಪರಿಹಾರವಾಗಿ ಸಿಮೆಂಟು ಕೊಡುವಿರಾದರೆ ಹೊಸ ಚೀಲ ಕೊಡಿ. ಮಳೆ ಕಡಿಮೆಯಾದ ಕೂಡಲೇ ಗುಂಡಿಯ ಹೂಳು ತೆಗೆಸಿ, ಇಲ್ಲದಿದ್ದರೆ ಮುಂದಿನ ವರ್ಷ ಅದು ಬರೀ ಅಂಗಳ. ಆ ಕೆಲಸ ಬಲ್ಲವರೊಬ್ಬರು ನಮ್ಮ ಕೆಳಗಿನ ಸಾಲಿನಲ್ಲಿದ್ದಾರೆ. ಕೂಲಿ ಈಗ ಎಂಟುನೂರು. ಇಳಿಸಲು ಹೋಗಬೇಡಿ, ನಾನು ನೋಡಿ ಆಗಿದೆ.