ಐದು ವೋಲ್ಟಿಗೆ ಏರುವ ಗೆರೆ

ನನ್ನ ಗಂಡ ತೀರಿಕೊಂಡು ತಿಂಗಳು ತುಂಬುವ ಮೊದಲೇ ನಾನು ಮತ್ತೆ ಕೆಲಸಕ್ಕೆ ಹೋಗತೊಡಗಿದೆ. ರಾತ್ರಿ ಮಲಗಿದವನು ಬೆಳಿಗ್ಗೆ ಏಳಲಿಲ್ಲ, ಅಷ್ಟೇ. ಬಂದವರೆಲ್ಲ ನನ್ನನ್ನು ತಬ್ಬಿಕೊಂಡು ಅತ್ತು ಹೋದರು. ನಾನು ಅವರ ಬೆನ್ನು ಸವರುತ್ತ ಕೂತಿದ್ದೆ.

ಜಮಖಂಡಿಯಿಂದ ಬಸ್ಸು ಹಿಡಿದು ಬನಹಟ್ಟಿಗೆ ಹೋಗಬೇಕು. ಅಲ್ಲಿ ನಮ್ಮದೊಂದು ಸಣ್ಣ ವರ್ಕ್‌ಶಾಪು. ಮಾಲೀಕರು, ನಾನು, ಬೆಸುಗೆ ಹಾಕುವ ಇನ್ನೊಬ್ಬಾಕೆ. ನೂಲು ಹರಿದ ಕೂಡಲೇ ಪವರ್‌ಲೂಮ್ ನಿಲ್ಲಿಸುವ ಬೋರ್ಡು ಮಾಡುತ್ತಿದ್ದೆವು. ಬೋರ್ಡಿಗೆ ಇಪ್ಪತ್ತನಾಲ್ಕು ವೋಲ್ಟು ಬರುತ್ತದೆ. ನೂಲು ನೋಡುವ ಸೆನ್ಸರಿಗೆ ಐದೇ ಸಾಕು. ಅದನ್ನು ಇಳಿಸಿಕೊಡಲು ನಡುವೆ ಪುಟ್ಟದೊಂದು ಕನ್ವರ್ಟರು. ಕರೆಂಟು ಹೋಗಿ ಬಂದಾಗಲೆಲ್ಲ ಸೆನ್ಸರು ಸುಟ್ಟುಹೋಗುತ್ತಿವೆ ಎಂದು ನೇಕಾರರು ದೂರು ತಂದಿದ್ದರು. ಚಾಲೂ ಆಗುವ ಕ್ಷಣದಲ್ಲಿ ಏನಾಗುತ್ತದೆ ನೋಡಿರಿ ಎಂದು ಮಾಲೀಕರು ನನಗೆ ಒಪ್ಪಿಸಿದರು.

ಸ್ವಿಚ್ ಹಾಕುವುದು, ವೋಲ್ಟಿನ ಏರಿಳಿತ ತೋರಿಸುವ ಆಸಿಲೋಸ್ಕೋಪಿನ ಪರದೆಯ ಮೇಲೆ ಗೆರೆ ಏರುವುದನ್ನು ನೋಡುವುದು, ಆರಿಸುವುದು, ಕರೆಂಟು ಹಿಡಿದಿಟ್ಟುಕೊಂಡ ಕೆಪಾಸಿಟರು ಖಾಲಿಯಾಗುವ ತನಕ ಕಾಯುವುದು, ಮತ್ತೆ ಹಾಕುವುದು. ಗೆರೆ ಐದಕ್ಕೆ ನಿಲ್ಲದೆ ಏಳರ ತನಕ ಜಿಗಿದು ಆಮೇಲೆ ಇಳಿಯುತ್ತಿತ್ತು. ಕಣ್ಣು ಮಿಟುಕಿಸುವುದರೊಳಗೆ ಮುಗಿದುಹೋಗುವ ಆ ಜಿಗಿತದಿಂದಲೇ ಸೆನ್ಸರು ಸುಟ್ಟುಹೋಗುತ್ತಿದ್ದವು. ಏರಿಕೆಯನ್ನು ನಿಧಾನ ಮಾಡುವ ಕೆಪಾಸಿಟರು ತೆಗೆದು ದೊಡ್ಡದು ಹಾಕಿದೆ. ಜಿಗಿತ ತಗ್ಗಿತು. ಇನ್ನೂ ದೊಡ್ಡದು ಹಾಕಿದಾಗ ಗೆರೆ ಮೆಲ್ಲಗೆ ಏರಿ ಐದಕ್ಕೆ ನಿಂತಿತು. ಮಾಲೀಕರು ಖುಷಿಪಟ್ಟರು. ನನಗೂ ಖುಷಿ ಆಗಬೇಕಿತ್ತು ಅಂತ ಗೊತ್ತಿತ್ತು. ಆಗಲಿಲ್ಲ.

ಮೇಜಿನ ಮೇಲೆ ಸರಿಹೋದದ್ದು ಮಗ್ಗದ ಮೇಲೂ ಸರಿಹೋಗಬೇಕಲ್ಲ. ಬೋರ್ಡು, ಆಸಿಲೋಸ್ಕೋಪು ತಗೊಂಡು ರಬಕವಿಯಲ್ಲಿ ನಾವು ಆಯಿ ಎಂದು ಕರೆಯುವ ಅಜ್ಜಿಯೊಬ್ಬರ ಮನೆಗೆ ಹೋದೆ. ವಯಸ್ಸಾದರೂ ತಾವೇ ಎರಡು ಮಗ್ಗ ನಡೆಸುತ್ತಿದ್ದರು. ಹಿಂದೆಲ್ಲ ಅವರಲ್ಲಿಗೆ ನನ್ನ ಗಂಡನೇ ಬೈಕಿನ ಮೇಲೆ ಬಿಡಲು ಬರುತ್ತಿದ್ದ. ಹೊರಗೆ ಕಟ್ಟೆಯ ಮೇಲೆ ಕೂತು ಆಯಿ ಕೊಟ್ಟ ಚಹಾ ಕುಡಿಯುತ್ತಿದ್ದ.

ನಾನು ಒಂದು ಮಗ್ಗಕ್ಕೆ ಬೋರ್ಡು ಜೋಡಿಸುತ್ತಿದ್ದೆ. ಇನ್ನೊಂದು ನಡೆದೇ ಇತ್ತು. ಅದರ ಸದ್ದಿನೊಳಗೆ ಆಯಿ ದನಿ ಎತ್ತಿ ಕೇಳಿದರು: "ಇವತ್ತ ನಿನ್ನ ಗಂಡ ಬರಲಿಲ್ಲೇನ ತಂಗಿ?"

"ಹೋದ್ರು, ಆಯಿ."

"ಯಾವಾಗ ಬರ್ತಾರ?"

ಯಾವುದೋ ಊರಿಗೆ ಹೋಗಿದ್ದಾರೆ ಎಂದುಕೊಂಡಿದ್ದರು. ಅಲ್ಲಿಗೇ ಬಿಟ್ಟುಬಿಡಬಹುದಿತ್ತು. ನಾನು ಸ್ಕ್ರೂ ಬಿಗಿ ಮಾಡಿ, "ತೀರಿಕೊಂಡ್ರು" ಅಂದೆ. ಆ ಮಾತನ್ನು ನಾನೇ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅಲ್ಲಿಯ ತನಕ ಬೇರೆಯವರೇ ಹೇಳುತ್ತಿದ್ದರು. ಯಾರದೋ ಸುದ್ದಿ ಹೇಳಿದ ಹಾಗೆ ಕೇಳಿಸಿತು.

ಆಯಿ ಮಗ್ಗ ನಿಲ್ಲಿಸಿ ಬಂದು ನನ್ನ ಪಕ್ಕದಲ್ಲಿ ಕೂತರು. ಹೇಗಾಯಿತು, ಯಾವಾಗ ಅಂತ ಕೇಳಲಿಲ್ಲ. ನನ್ನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ತೆಗೆದು ನೆಲಕ್ಕಿಟ್ಟರು. ಆಮೇಲೆ ರೊಟ್ಟಿ, ನಂಚಿಕೊಳ್ಳಲು ಶೇಂಗಾ ಹಿಂಡಿ ತಂದಿಟ್ಟು ನಾನು ಉಣ್ಣುವುದನ್ನು ನೋಡಿದರು.

ಕೆಲಸ ಬಾಕಿ ಇತ್ತು. ಸ್ವಿಚ್ ಹಾಕಿ ಆರಿಸುವುದನ್ನು ಆಯಿಯೇ ಮಾಡಿದರು, ನಾನು ಗೆರೆ ನೋಡಿದೆ. ಪ್ರತಿ ಸಲವೂ ಐದಕ್ಕೇ ನಿಂತಿತು. "ಆತೇನು?" ಅಂದರು. ಆತು ಅಂದೆ.

ಅದೇ ರೀತಿ ಉಳಿದ ಬೋರ್ಡುಗಳನ್ನೂ ಬದಲಾಯಿಸಿದೆವು. ದೂರು ನಿಂತವು. ಆ ದಿನ ನಾನು ಹೊರಡುವಾಗ ಆಯಿ ಬಾಗಿಲ ತನಕ ಬಂದು, "ಕೆಲಸ ಇರಲಿ ಬಿಡಲಿ, ಬರತಿರು" ಅಂದಿದ್ದರು. ಹೋಗುತ್ತಿದ್ದೆ. ಅವರು ನೇಯುತ್ತಿದ್ದರು, ನಾನು ಹತ್ತಿರ ಕೂತಿರುತ್ತಿದ್ದೆ.