ಹಸಿ ಕೊಯ್ಲು

ನಮ್ಮವ್ವ ಯಮ್ನಾಳ ಬಾಯಿಗೆ ನಮ್ಮೂರು ಕೆತಾಮಾದ ಗಂಡಸರೂ ಹೆದರುತ್ತಿದ್ದರು. ಆದರೂ ಗಾಂಜಾ ಮಾಗಿದೆಯೋ ಇಲ್ಲವೋ ನೋಡಲು ಅವಳನ್ನೇ ಕರೆಯುತ್ತಿದ್ದರು. ಹೂವಿನ ಬಿಳಿ ಎಳೆಗಳು ಕಂದುಬಣ್ಣಕ್ಕೆ ತಿರುಗಿ ಮುದುರಿರಬೇಕು, ಮುಟ್ಟಿದರೆ ಬೆರಳು ಅಂಟಬೇಕು. ಕೊನೆಗೆ ಬೀಜವನ್ನು ಉಗುರಿನಿಂದ ಒತ್ತುತ್ತಿದ್ದಳು. ಹಾಲು ಒಸರಿದರೆ ಹೊಲದ ಯಜಮಾನನನ್ನೇ ಝಾಡಿಸುತ್ತಿದ್ದಳು: "ಇನ್ನೂ ಎಳೇ ಕೂಸು, ಇದರ ಕುತ್ತಿಗೆ ಕುಯ್ಯೋಕೆ ಬಂದ್ಯಾ?" ಹಸಿ ಗಿಡ ಒಣಗಿಸಿ ಜರಡಿಗೆ ಬಡಿದರೆ ನಶೆಯ ಅಂಟುಪುಡಿಯ ಬದಲು ಬರೀ ಹಸಿರು ಧೂಳು ಉದುರುತ್ತದೆ. ಅದನ್ನು ಯಾರೂ ಕೊಳ್ಳುವುದಿಲ್ಲ.

ಅಪ್ಪ ಸತ್ತ ವರ್ಷವೇ ಚಿಕ್ಕಪ್ಪ ಬೂಶ್ತಾನ ಕಣ್ಣು ನಮ್ಮ ಹೊಲದ ಮೇಲೆ ಬಿತ್ತು. ನಮ್ಮೂರಲ್ಲೊಂದು ಕಟ್ಟಳೆ ಇತ್ತು: ಗಂಡ ಸತ್ತ ವರ್ಷ ವಿಧವೆಯ ಹೊಲವನ್ನು ಯಾರು ಕೊಯ್ದು ಮುಗಿಸುತ್ತಾರೋ ಹೊಲ ಅವರದು. ಗಂಡಸರು ಮಾಡಿದ ಕಟ್ಟಳೆ, ಇನ್ನೆಂಥದ್ದಿರುತ್ತದೆ.

ಒಂದು ಬೆಳಿಗ್ಗೆ ನಾನೂ ಅವ್ವನೂ ಹೋಗಿ ನೋಡಿದರೆ ಬೂಶ್ತಾ ಆಗಲೇ ಒಂದು ಸಾಲು ಕೆಡವಿದ್ದ.

"ಬೀಜದಲ್ಲಿ ಹಾಲು ಆರಿಲ್ಲ ಕಣೋ, ಕಣ್ಣು ಹೋಗೈತಾ ನಿಂಗೆ?" ಎಂದಳು ಅವ್ವ.

"ಬೆಳೆ ಯಾರಿಗೆ ಬೇಕು ಅತ್ತಿಗೆ? ನಂಗೆ ನೆಲ ಬೇಕು. ನೀನು ಗಂಟು ಕಟ್ಕೊಂಡು ತವರಿಗೆ ನಡಿ."

ಅವ್ವ ಅವನ ಕುಡುಗೋಲಿಗೆ ಕೈ ಹಾಕಿದಳು. ಅವನು ಪಕ್ಕದಲ್ಲಿಟ್ಟಿದ್ದ ದೊಣ್ಣೆ ಎತ್ತಿ ಅವಳ ಬಲಗೈ ಮಣಿಕಟ್ಟಿಗೆ ಬಾರಿಸಿದ. ಮೂಳೆ ಮುರಿದದ್ದು ನನಗೂ ಕೇಳಿಸಿತು. ಬಿದ್ದವಳ ಪಕ್ಕೆಗೆ ಒದ್ದ, ಮತ್ತೆ ಒದ್ದ. ನಾನು ಬೆನ್ನಿಗೆ ಹಾರಿ ಅವನ ಕಿವಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದೆ. ಪಾಪಿ ನಾನು, ಅವನ ರಕ್ತ ಬಾಯಿಗೆ ಬಂದಾಗ ನನಗೆ ಖುಷಿಯೇ ಆಯಿತು. ಅಷ್ಟರಲ್ಲಿ ಅವ್ವ ಸೊಂಟಕ್ಕೆ ಸಿಕ್ಕಿಸಿದ್ದ ತನ್ನ ಕುಡುಗೋಲನ್ನು ಎಳೆದು ಎಡಗೈಯಲ್ಲಿ ಬೀಸಿದಳು. ಅವನ ತೊಡೆ ಸೀಳಿತು.

"ನಾಳೆ ನನ್ನ ಮಕ್ಕಳು ಪೇಟೆಯಿಂದ ಬರ್ತಾರೆ. ನಿಮ್ಮಿಬ್ಬರನ್ನೂ ಇಲ್ಲೇ ಹೂಳ್ತೀನಿ," ಎಂದು ಕುಂಟುತ್ತ ಗುಡ್ಡ ಇಳಿದ.

"ಗುಂಡಿ ನೀನೇ ತೋಡ್ಕೊಂಡು ಬಾ. ನಂಗೆ ಕೈ ನೋಯ್ತೈತೆ," ಎಂದಳು ಅವ್ವ.

ಅವನು ಕಣ್ಮರೆಯಾಗುತ್ತಲೇ ಎಡಗೈಯಲ್ಲೇ ಗಿಡ ಕೊಯ್ಯತೊಡಗಿದಳು.

"ಅವ್ವಾ, ಇನ್ನೂ ಹಸಿ ಐತಲ್ಲ."

"ನಂಗೆ ಹೇಳ್ಕೊಡ್ತೀಯಾ? ಬಾಯಿ ಮುಚ್ಕೊಂಡು ಕುಯ್ಯಿ."

ಹೊತ್ತು ಮುಳುಗುವುದರೊಳಗೆ ಹೊಲ ಬರಿದಾಯಿತು. ನೆಲ ನಮಗೆ ಉಳಿಯಿತು; ಆ ವರ್ಷದ ರೊಟ್ಟಿ ಮಣ್ಣುಪಾಲಾಯಿತು. ಅಪ್ಪ ಸತ್ತಾಗಲೂ ಕಣ್ಣೀರು ಹಾಕದ ನಮ್ಮವ್ವ ಆ ಎಳೆ ಗಿಡಗಳ ನಡುವೆ ಕುಸಿದು ಕೂತು ಗೋಳೋ ಎಂದು ಅತ್ತಳು.