ಹೆಂಗಸರ ಬಂಡೆಯೂ ಯುಜಿನಿಯಾ ಆಂಟಿಯೂ

ಹೆಲ್ಪ್‌ಡೆಸ್ಕ್ ಸಂಬಳಗಾರ ಲಕ್ಷ್ಮೀಶನ ಬುದ್ಧಿವಂತಿಕೆ ಆಫೀಸಿನ ಬಾಗಿಲು ದಾಟಿ ಹೊರಗೆ ಬಂದದ್ದು ಕಡಿಮೆ. ಸಿಡ್ನಿಯ ಲಿವರ್‌ಪೂಲ್‌ನಲ್ಲಿ ರೂಮು ಕೇಳಲು ಹೋದ ದಿನ ಗೇಟಿನ ಮೇಲೆ 'ಕ್ಯಾರಿಗ್‌ನಮಾನ್' ಎಂಬ ಹಲಗೆ ಕಂಡು, ಮನೆ ಯಜಮಾನರ ಹೆಸರೆಂದೇ ತಿಳಿದ. ಸಂಬಳದ ಚೀಟಿಯಲ್ಲಿ ತಾನೇ 'ಮಿಸ್ಟರ್ ಹೊಸಕೋಟೆ' ಆಗಿರುವವನಿಗೆ ಊರು ಯಾವುದು, ಮನುಷ್ಯ ಯಾರು ಎಂಬ ಎಚ್ಚರ ಇರಬೇಕಿತ್ತು.

"ಕ್ಯಾರಿಗ್‌ನಮಾನ್ ಅಂಕಲ್ ಇದ್ದಾರಾ?"

"ಅದು ಊರು ಮಾರಾಯ, ಐರ್ಲೆಂಡಿನ ಕಡಲ ಬದಿಯಲ್ಲಿ. ಅಂಕಲ್ ಹೆಸರು ಡೆಕ್ಲನ್. ಸತ್ತು ಎರಡು ತಿಂಗಳಾಯ್ತು," ಎಂದರು ಯುಜಿನಿಯಾ ಆಂಟಿ. "ಮೀನು ತಿಂತೀಯಾ?"

"ಇಲ್ಲ ಆಂಟಿ."

"ವಾಸನೆಗೆ ರೆಂಟ್ ಕಡಿಮೆ ಮಾಡುದಿಲ್ಲ. ಬಾ ಒಳಗೆ."

ಆಂಟಿ ಗಂಗೊಳ್ಳಿಯವರು, ಮೂವತ್ತು ವರ್ಷ ಇಲ್ಲೇ ನರ್ಸ್ ಆಗಿದ್ದವರು. ಇಪ್ಪತ್ತು ಮನೆಗಳ ತಮ್ಮ ಊರಿನ ಚರಿತ್ರೆಯನ್ನು ಡೆಕ್ಲನ್ ಜೀವಮಾನವಿಡೀ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು. ಊರಿನ ಹೆಸರಿಗೆ 'ಹೆಂಗಸರ ಬಂಡೆ' ಎಂದರ್ಥ. ಯಾವ ಹೆಂಗಸರು, ಯಾಕೆ ಎಂಬುದು ಡೆಕ್ಲನ್‌ರ ಅಜ್ಜಿ ಹೇಳಿದ ಕಥೆ.

ಡೆಕ್ಲನ್‌ರ ತಮ್ಮ ಫಿಂಟನ್ ಮೆಲ್ಬರ್ನಿನವನು. ಅಣ್ಣನ ಶವಸಂಸ್ಕಾರದ ದಿನ, "ಮೊದಲ ಸಾಲು ಮನೆಯವರಿಗೆ" ಎಂದು ಅಣ್ಣನ ಹೆಂಡತಿಯಾದ ಆಂಟಿಯನ್ನೇ ಮೂರನೇ ಸಾಲಿಗೆ ಕಳಿಸಿದ್ದ. ಲಕ್ಷ್ಮೀಶ ರೂಮಿಗೆ ಸೇರಿದ ವಾರ ಅದೇ ಫಿಂಟನ್ ಫೋನ್ ಮಾಡಿ, ಅಣ್ಣನ ಹೆಸರಿನಲ್ಲೇ ಪುಸ್ತಕ ತರುತ್ತೇನೆ, ನೋಟ್‌ಬುಕ್ ಕಳಿಸು ಎಂದ. ಆಂಟಿ ಹದಿನೈದು ದಿನ ಕೂತು ಕೈಯಾರೆ ನಕಲು ಮಾಡಿ ಆ ನಕಲನ್ನು ಕಳಿಸಿದರು.

೨೦೧೪ರಲ್ಲಿ ಪುಸ್ತಕ ಬಂತು. ಮುಖಪುಟದಲ್ಲಿ ಫಿಂಟನ್ ಒಬ್ಬನೇ. ಡೆಕ್ಲನ್ ಹೆಸರು ಒಳಗೂ ಇಲ್ಲ. ಆಂಟಿ ಒಂದು ಪುಟ ಹುಡುಕಿ ತೆಗೆದು ನಕ್ಕರು.

"ಅದನ್ನು ಹಾಗೇ ಹಾಕಿದ್ದಾನೆ! ಶನಿವಾರ ಮೆಲ್ಬರ್ನಿಗೆ ಕಾರು ಬಿಡ್ತೀಯಾ?"

"ಒಂಬತ್ತು ಗಂಟೆ ಡ್ರೈವ್ ಆಂಟಿ! ಫ್ಲೈಟ್ ಬುಕ್ ಮಾಡ್ಲಾ?"

"ಬೇಡ. ಒಂದು ಫೋಟೋ ಒಯ್ಯಬೇಕು, ಗಾಜು ಒಡೆದೀತು."

ಬಿಡುಗಡೆ ಸಭೆಯಲ್ಲಿ ಆಂಟಿ ಯಾರನ್ನೂ ಕೇಳದೆ ಮೊದಲ ಸಾಲಿನಲ್ಲಿ ಕೂತರು. ಫಿಂಟನ್ ಗಂಟಲು ಸರಿಮಾಡಿಕೊಂಡು ಓದಿದ: ಎಡಗೈ ಕಿರುಬೆರಳಿಲ್ಲದ ಬ್ರಿಜಿತ್ ಎಂಬ ಮೀನು ಮಾರುವವಳು ಬಂಡೆಯ ಮೇಲೆ ನಿಂತು, ಸುಂಕದವನ ತಲೆಗೆ ಬುಟ್ಟಿ ಕವುಚಿ, ಊರ ಹೆಂಗಸರನ್ನೆಲ್ಲ ಕೂಡಿಸಿದಳಂತೆ.

ಆಂಟಿ ಎದ್ದರು. "ಈ ಕಥೆ ನಿನಗೆ ಹೇಳಿದ್ದು ಯಾರು?"

"ನಮ್ಮಜ್ಜಿ. ತೊಡೆಯ ಮೇಲೆ ಕೂರಿಸಿಕೊಂಡು ಹೇಳಿದ್ದು."

ಆಂಟಿ ಚೀಲದಿಂದ ಕಟ್ಟುಹಾಕಿದ ಫೋಟೋ ತೆಗೆದು ಎತ್ತಿ ಹಿಡಿದರು. ಕಪ್ಪು ಬಂಡೆ, ಸೀರೆ ಎತ್ತಿ ಕಟ್ಟಿದ ಮುದುಕಿ, ಬುಟ್ಟಿಯ ಮೇಲೆ ನಾಲ್ಕೇ ಬೆರಳಿನ ಎಡಗೈ.

"ಇವಳು ಬ್ರಿಜಿದಾ, ಗಂಗೊಳ್ಳಿಯವಳು. ನನ್ನ ಅಜ್ಜಿ. ನಕಲು ಮಾಡುವಾಗ ನಿಮ್ಮಜ್ಜಿಯ ಕಥೆ ತೆಗೆದಿಟ್ಟು ಇವಳ ಕಥೆ ಬರೆದು ಕಳಿಸಿದವಳು ನಾನು. ನೀನು ಅಜ್ಜಿಯ ಮಾತು ಒಂದು ದಿನವಾದರೂ ಕೇಳಿದ್ದರೆ ಗೊತ್ತಾಗ್ತಿತ್ತು."

ಮೊದಲು ನಕ್ಕದ್ದು ಮೊದಲ ಸಾಲು. ಆಮೇಲೆ ಹಾಲ್ ಪೂರ್ತಿ.

ಫಿಂಟನ್ ಕಾರಿನ ತನಕ ಹಿಂದೆಯೇ ಬಂದ. ಮುಂದಿನ ಮುದ್ರಣದಲ್ಲಿ ಅಣ್ಣನ ಹೆಸರೇ ಹಾಕುತ್ತೇನೆ, ನಿಜವಾದ ಕಥೆ ಕೊಡು ಎಂದ.

"ಮೊದಲು ಹೆಸರು ಅಚ್ಚಾಗಿ ಬರಲಿ," ಎಂದು ಆಂಟಿ ಗಾಜು ಏರಿಸಿದರು.

ಆಫೀಸಿನಲ್ಲಿ ಸಿಟ್ಟು ಬಂದರೆ ಈಮೇಲ್ ಬರೆದು, ಕಳಿಸದೆ ಡ್ರಾಫ್ಟ್‌ನಲ್ಲಿ ಮಲಗಿಸುವ ಲಕ್ಷ್ಮೀಶ ಹೆದ್ದಾರಿ ಸೇರಿದ ಮೇಲೆ ಆಂಟಿಯ ಕಡೆ ತಿರುಗಿದ. ಕೊನೆಗೆ ಕೇಳಿಯೇಬಿಟ್ಟ.

"ಹೆಸರು ಹಾಕಿದ್ರೆ ಅವರನ್ನ ಕ್ಷಮಿಸ್ತೀರಾ ಆಂಟಿ?"

"ಇಲ್ಲ. ನೀನು ರೋಡು ನೋಡು."